ಗೇರಿಲ್ಲದ ಕಾರು

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ, ಮೊಳೆಗೆ ಒಂದು ಆಲಿಕೆ ನೇತಾಡುತ್ತಿದೆ. ಪ್ಲಾಸ್ಟಿಕ್ಕಿನದು, ಒಂದು ಕಾಲಕ್ಕೆ ಬಿಳಿ ಇತ್ತು. ಈಗ ಅದರ ಕೊರಳೆಲ್ಲ ನಸುಗೆಂಪು. ಮನೆಗೆ ಬಂದವರು, "ಏನ್ ಮೇಡಂ, ಇದ್ರಾಗೆ ಕುಂಕುಮ ಕಲಸಿ ಸುರಿದಿದ್ರಾ?" ಎಂದು ಕೇಳುತ್ತಾರೆ. ನಾನು "ಹೂಂ" ಎಂದು ಸುಮ್ಮನಾಗುತ್ತೇನೆ. ನಿಜ ಹೇಳಬೇಕೆಂದರೆ ಅವರನ್ನು ಕೂರಿಸಿ, ಚಹಾ ಕೊಟ್ಟು, ನನ್ನ ಹೊಟ್ಟೆಕಿಚ್ಚಿನ ಚರಿತ್ರೆಯನ್ನೆಲ್ಲ ಹೇಳಬೇಕಾಗುತ್ತದೆ. ನೀವು ಹೇಗೂ ಕೂತೇ ಇದ್ದೀರಿ. ಚಹಾ ಮಾತ್ರ ನೀವೇ ಮಾಡಿಕೊಳ್ಳಬೇಕು.

ಹೊಟ್ಟೆಕಿಚ್ಚು ಅನ್ನುವುದಕ್ಕೆ ನಾನು ನಾಚುವವಳಲ್ಲ. ಸಂತೇಬೆನ್ನೂರಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು ನಾನು. ಹೊಟ್ಟೆಯ ಕಿಚ್ಚು ಹೊಟ್ಟೆಕಿಚ್ಚು, ತತ್ಪುರುಷ ಸಮಾಸ ಎಂದು ಬೋರ್ಡಿನ ಮೇಲೆ ಬರೆಯುವಾಗಲೆಲ್ಲ ಉದಾಹರಣೆ ನನ್ನೊಳಗೇ ಹೊಗೆಯಾಡುತ್ತಿರುತ್ತದೆ. ಡಾಕ್ಟರು ಅದನ್ನು ಅಸಿಡಿಟಿ ಎಂದು ತಿಳಿದು ಬೆಳಿಗ್ಗೆ ಖಾಲಿ ಹೊಟ್ಟೆಗೊಂದು ಮಾತ್ರೆ ಕೊಟ್ಟಿದ್ದಾರೆ. ಪಾಪ, ಅವರಿಗೆ ನನ್ನ ವಾರಗಿತ್ತಿ ಗೊತ್ತಿಲ್ಲ.

ವಾರಗಿತ್ತಿಯ ವಿಷಯಕ್ಕೆ ಬರುತ್ತೇನೆ, ಅದಕ್ಕೂ ಮೊದಲು ಸರ್ವಮಂಗಳ. ಹೊಟ್ಟೆಕಿಚ್ಚಿನ ಮೊದಲ ಪಾಠ ನನಗೆ ಆದದ್ದು ತವರೂರು ನ್ಯಾಮತಿಯಲ್ಲಿ, ಚಿಕ್ಕಪ್ಪನ ಮಗಳಾದ ಈ ಸರ್ವಮಂಗಳಳಿಂದ. ನಾವಿಬ್ಬರೂ ಒಂದೇ ದಿನ ಬಾಡಿಗೆ ಸೈಕಲ್ ಕಲಿಯಲು ಹೊರಟೆವು. ಸಂಜೆಯ ಹೊತ್ತಿಗೆ ಅವಳು ಸೈಕಲ್ ಮೇಲಿದ್ದಳು, ನಾನು ಸೈಕಲ್ ಕೆಳಗಿದ್ದೆ. ಮಾರನೆಯ ವಾರ ಅವಳು ಎರಡೂ ಕೈ ಬಿಟ್ಟು ಓಡಿಸುತ್ತ ನಮ್ಮ ಜಗುಲಿಯ ಮುಂದೆಯೇ ಹಾದು ಹೋದಳು. ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, "ನೋಡೇ ಪುಷ್ಪಿ, ಮಂಗಳಿ ಹೆಂಗೆ ಗಾಳಿಯಾಗೆ ಹೋಗ್ತಾಳೆ. ನೀನೂ ಐದೀಯ" ಎಂದರು. ಅಂದಿನಿಂದ ಸೊಸೈಟಿಗೆ ಹೋಗಿ ಸೀಮೆಎಣ್ಣೆ ತರುವ ಕೆಲಸ ಅವಳದು, ಅವಳು ಸೈಕಲ್ ಮೇಲೆ ತಂದ ಸೀಮೆಎಣ್ಣೆಯನ್ನು ಡಬ್ಬಕ್ಕೆ ಸುರಿಯುವಾಗ ಆಲಿಕೆ ಹಿಡಿದುಕೊಂಡು ನಿಲ್ಲುವ ಕೆಲಸ ನನ್ನದು. ಹಿಡಿದ ಕೈ ಅಲುಗಿದರೆ ಅದಕ್ಕೂ ಬೈಗುಳ. ಸೀಮೆಎಣ್ಣೆಯ ವಾಸನೆ ಇವತ್ತಿಗೂ ನನಗೆ ಮತ್ಸರದ ವಾಸನೆಯೇ.

ಮದುವೆಯಾಗಿ ಚನ್ನಗಿರಿಗೆ ಬಂದೆ. ನಮ್ಮನೆಯವರದು ಗೊಬ್ಬರದ ಅಂಗಡಿ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ನಾನು ಬಂದು ಕೆಲವು ವರ್ಷಕ್ಕೆ ಮೈದುನನ ಮದುವೆಯಾಗಿ ಶೈಲ ಬಂದಳು, ಬಂದವಳೇ ಗಂಡನ ಕೆಲಸದ ಊರಾದ ಹೊನ್ನಾಳಿಗೆ ಹೋದಳು. ಅಂದರೆ ಅತ್ತೆಯ ಬಿಸಿನೀರು, ಬಿ.ಪಿ. ಮಾತ್ರೆ, ಮೆತ್ತಗಿನ ಅನ್ನ, ಎಲೆಅಡಿಕೆ ಎಲ್ಲ ನನ್ನ ಪಾಲಿಗೆ, ಹೊಗಳಿಕೆ ಮಾತ್ರ ಹೊನ್ನಾಳಿಯ ಪಾಲಿಗೆ. ಸಾರಿಗೆ ಒಗ್ಗರಣೆ ಹಾಕುತ್ತಿದ್ದರೆ ಹಿಂದಿನಿಂದ, "ಶೈಲ ಇಂಗು ಜಾಸ್ತಿ ಹಾಕ್ತಾಳೆ, ಘಮ್ ಅಂತೈತೆ" ಎಂದು ಕೇಳಿಸುತ್ತದೆ. ನಾನು ಸೀರೆ ಉಟ್ಟು ಶಾಲೆಗೆ ಹೊರಟರೆ, "ಶೈಲ ನಿರಿಗೆ ಹಿಡಿದ್ರೆ ಒಂದೂ ಆಚೀಚೆ ಆಗಲ್ಲ" ಎಂದು. ಇಷ್ಟು ವರ್ಷದಲ್ಲಿ ಅತ್ತೆ ನನ್ನ ಮುಖ ನೋಡಿ ಒಂದು ಸಲ ಚೆನ್ನಾಗಿದೆ ಅಂದಿದ್ದರೆ ನಾನು ಆ ಡಾಕ್ಟರ ಮಾತ್ರೆಯನ್ನು ಬಿಟ್ಟುಬಿಡುತ್ತಿದ್ದೆ. ನನಗೆ ಬೇಕಾಗಿದ್ದದ್ದು ಅದೊಂದೇ ಮಾತು.

ಇನ್ನು ಕಾರು. ಶಾಲೆಗೆ ಬಸ್ಸು ಹಿಡಿದು ಸಾಕಾಗಿ, ಐವತ್ತರ ಹತ್ತಿರದಲ್ಲಿ ಡ್ರೈವಿಂಗ್ ಕಲಿಯಲು ಹೋದೆ. ಕಲಿಸುವವನು "ಕ್ಲಚ್ ಬಿಡಿ ಮೇಡಂ" ಎಂದರೆ ಒತ್ತುತ್ತಿದ್ದೆ, "ಒತ್ತಿ" ಎಂದರೆ ಬಿಡುತ್ತಿದ್ದೆ. ಕೊನೆಗೆ ಅವನೇ ಕೈಮುಗಿದು, "ಮೇಡಂ, ನಿಮಗೆ ಆಟೋಮ್ಯಾಟಿಕ್ ಒಳ್ಳೇದು" ಎಂದ. ಹಾಗೆ ಬಂದದ್ದು ನನ್ನ ಹಳೆಯ ಆಟೋಮ್ಯಾಟಿಕ್ ಕಾರು, ನನಗಿಂತ ಮುಂಚೆ ಮೂವರ ಕೈ ದಾಟಿದ್ದು. ಎಡಗಾಲಿಗೆ ಕೆಲಸವಿಲ್ಲ, ಬಲಗಾಲೊಂದೇ. ನನ್ನ ಮಟ್ಟಿಗೆ ಅದು ರಥ. ಬೀದಿಯವರ ಬಾಯಲ್ಲಿ ಮಾತ್ರ ಅದು ಗೇರಿಲ್ಲದ ಕಾರು. ಅತ್ತೆಯಂತೂ ಬಂದವರಿಗೆಲ್ಲ, "ಅವಳದು ಗೇರಿಲ್ಲದ ಕಾರು. ಅದನ್ನ ಯಾರಾದ್ರೂ ಓಡಿಸ್ತಾರೆ. ನಮ್ ಶೈಲಂದು ಗೇರಿಂದು" ಎನ್ನುತ್ತಿದ್ದರು. ಶೈಲ ಹೊನ್ನಾಳಿಯಿಂದ ಬರುವಾಗ ಒಂದು ಕೈ ಗೇರಿನ ಮೇಲೆ, ಒಂದು ಕೈ ಸ್ಟೀರಿಂಗಿನ ಮೇಲೆ, ಕಣ್ಣಿಗೆ ಕಪ್ಪು ಕನ್ನಡಕ. ನನಗೆ ಸರ್ವಮಂಗಳಳೇ ಸೈಕಲ್ ಬಿಟ್ಟು ಕಾರಿನಲ್ಲಿ ಬಂದಳೇನೋ ಅನ್ನಿಸುತ್ತಿತ್ತು.

ಹೀಗಿರುವಾಗ ಜಗಳೂರಿನಿಂದ ಫೋನು ಬಂತು. ಅತ್ತೆಯ ಅಕ್ಕ ಇರುವುದು ಅಲ್ಲಿ. ಅವರ ಮರಿಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಅಕ್ಕತಂಗಿ ಮುಖ ನೋಡಿ ಬಹಳ ದಿನವಾಗಿತ್ತು, ಅಕ್ಕನಿಗೆ ಮೊಣಕಾಲು, ತಂಗಿಗೆ ಬಸ್ಸು ಹತ್ತಿದರೆ ವಾಂತಿ. ಅತ್ತೆ ಅವತ್ತೇ ಇಳಕಲ್ ಸೀರೆ ಬಿಸಿಲಿಗೆ ಹಾಕಿದರು. ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡೆ. ಕರೆದುಕೊಂಡು ಹೋಗುವುದು ನಾನೇ. ಜಗಳೂರಿನ ಅಂಗಳದಲ್ಲಿ ಎಲ್ಲರೂ ನೋಡುವ ಹಾಗೆ ಅತ್ತೆ ನನ್ನ ಕಾರಿನಿಂದ ಇಳಿಯಬೇಕು.

ಕಾರಿಗೆ ಅದು ಹೇಗೆ ತಿಳಿಯಿತೋ ಕಾಣೆ. ಆ ವಾರವೇ ಶಾಲೆಯಿಂದ ಬರುವಾಗ ಏರು ಹತ್ತುತ್ತಿದ್ದಂತೆ ಇಂಜಿನ್ನು ಗೋಳೋ ಎಂದು ಕೂಗತೊಡಗಿತು, ಕಾರು ಮಾತ್ರ ಮುಂದಕ್ಕೆ ಹೋಗಲಿಲ್ಲ. ಕಾಲು ಒತ್ತಿದಷ್ಟೂ ಕೂಗು ಏರಿತು, ವೇಗ ಇಳಿಯಿತು. ಹಿಂದೆ ಮೆಕ್ಕೆಜೋಳದ ಟ್ರ್ಯಾಕ್ಟರಿನವನು ಹಾರ್ನು ಹೊಡೆದು, ನನ್ನನ್ನು ದಾಟಿ, ತಿರುಗಿ ನೋಡಿ ಹೋದ. ಟ್ರ್ಯಾಕ್ಟರು ನನ್ನನ್ನು ದಾಟಿತು ಎಂಬುದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಆದರೆ ಮಾರನೆಯ ದಿನ ಅತ್ತೆಯನ್ನೇ ಆಸ್ಪತ್ರೆಗೆ ಕೂರಿಸಿಕೊಂಡು ಹೋಗುವಾಗ ಅದೇ ಗೋಳು. ಅತ್ತೆ ಕಿವಿ ಮುಚ್ಚಿಕೊಂಡು, "ಕೂಗಾಟ ಜಾಸ್ತಿ, ನಡಿಗೆ ಇಲ್ಲ. ಜಗಳೂರಿಗೆ ಶೈಲನ್ನೇ ಕರೀತೀನಿ ಬಿಡು" ಎಂದರು. ನನ್ನ ಹೊಟ್ಟೆಯೊಳಗೆ ಯಾರೋ ಕೊಳವೆ ಇಟ್ಟು ಊದಿದ ಹಾಗಾಯಿತು.

ಊರಿನ ಗ್ಯಾರೇಜಿನವನು ಬಾನೆಟ್ಟಿನೊಳಗೆ ಒಂದು ಗಳಿಗೆ ಇಣುಕಿ ಕೈ ಒರೆಸಿಕೊಂಡ. "ಗೇರ್ ಬಾಕ್ಸ್ ಸ್ಲಿಪ್ ಆಗ್ತಿದೆಯೇನೋ" ಎಂದು ನಾನು ಹೇಳಿದ್ದಕ್ಕೆ ಅವನು ನಕ್ಕು, "ಗೇರೇ ಇಲ್ಲ ಅಂದ್ಮೇಲೆ ಗೇರ್ ಬಾಕ್ಸ್ ಹೆಂಗೆ ಕೆಡ್ತೈತ್ರಿ ಮೇಡಂ?" ಎಂದ. ಪಕ್ಕದಲ್ಲಿದ್ದವರೂ ನಕ್ಕರು. ದಾವಣಗೆರೆಯ ದೊಡ್ಡ ಗ್ಯಾರೇಜಿಗೆ ಫೋನು ಮಾಡಿದರೆ ಕಾರು ಬಿಟ್ಟುಹೋಗಿ, ತಿಂಗಳಾಗಬಹುದು ಎಂದರು. ತೊಟ್ಟಿಲು ಇದ್ದದ್ದು ಬರುವ ಭಾನುವಾರ. ಆಗ ನಾನು ಮೊಬೈಲಿನ ಮುಂದೆ ಕೂತೆ. ಯಾರೋ ಹಿಂದಿಯವನು ತನ್ನ ಮನೆ ಅಂಗಳದಲ್ಲಿ ಇಂಥದ್ದೇ ಕಾರನ್ನು ಬಿಚ್ಚಿ ತೋರಿಸುತ್ತಿದ್ದ. ಗೇರು ಇದ್ದೇ ಇದೆ, ಒಳಗೆ ಇದೆ, ಎಣ್ಣೆಯ ಒತ್ತಡದಿಂದ ತಾನೇ ಬದಲಾಯಿಸಿಕೊಳ್ಳುತ್ತದೆ, ಆ ಎಣ್ಣೆ ಕಡಿಮೆಯಾದರೆ, ಹಳತಾದರೆ, ಹಿಡಿತ ತಪ್ಪಿ ಜಾರುತ್ತದೆ ಎಂದು ವಿವರಿಸುತ್ತಿದ್ದ. ಅತ್ತೆ ಪಕ್ಕದಲ್ಲಿ ಅಡಿಕೆ ಕತ್ತರಿಸುತ್ತ, "ಏನಂತಾನವ್ವ ಅವನು?" ಎಂದು ಕೇಳಿದರು. ನಾನು ಕನ್ನಡದಲ್ಲಿ ಪಾಠ ಮಾಡಿದ ಹಾಗೆ ಬಿಡಿಸಿ ಹೇಳಿದೆ. ಗೇರಿಲ್ಲ ಅನ್ನುವ ಮಾತನ್ನು ನಂಬಿಕೊಂಡು, ಆ ಮೂವರೂ ನಾನೂ ಸೇರಿ ಯಾರೂ ಅದರ ಗೇರಿನ ಎಣ್ಣೆಯನ್ನು ಒಮ್ಮೆಯೂ ನೋಡಿರಲಿಲ್ಲ ಅನ್ನುವುದು ಹೇಳುತ್ತ ಹೇಳುತ್ತ ನನಗೇ ಹೊಳೆಯಿತು.

ಬಾನೆಟ್ಟು ತೆಗೆದು, ಇಂಜಿನ್ ಓಡುತ್ತಿರುವಾಗಲೇ ಎಣ್ಣೆ ಅಳೆಯುವ ಕಡ್ಡಿ ಎಳೆದೆ. ತುದಿಗೆ ಮಾತ್ರ ಒಂದಿಷ್ಟು ಕಂದುಗೆಂಪು ಕಷಾಯ ಅಂಟಿತ್ತು. ಅತ್ತೆ ಅದನ್ನು ಮೂಗಿನ ಹತ್ತಿರ ಹಿಡಿದು, "ಸೀದು ಹೋಗೈತೆ" ಎಂದರು. ಇಷ್ಟು ವರ್ಷ ನನ್ನ ಸಾರಿಗೂ ಪಲ್ಯಕ್ಕೂ ಅಂದ ಮಾತು ಅದು, ಆದರೆ ಈ ಸಲ ನನಗೆ ಒಪ್ಪಿಗೆ ಇತ್ತು.

ಎಣ್ಣೆ ಎಲ್ಲಿಗೆ ಹೋಯಿತು? ಇಲ್ಲೊಂದು ಕೆಂಪು ಕಲೆಯ ಪ್ರಕರಣ ಹೇಳಬೇಕು. ಕಾರು ನಿಲ್ಲಿಸುವ ಜಾಗದ ನೆಲದ ಮೇಲೆ ಕೆಲವು ತಿಂಗಳಿಂದ ಕೆಂಪು ಕೆಂಪು ಕಲೆ ಬೀಳುತ್ತಿತ್ತು. ಎಲೆಅಡಿಕೆ ಹಾಕುವವರ ಮನೆಯಲ್ಲಿ ಕೆಂಪು ಕಲೆಗೆ ಒಂದೇ ಅರ್ಥ. ನಾನು ದಿನಾ ಬೆಳಿಗ್ಗೆ ಬ್ರಷ್ಷು ಹಿಡಿದು ತಿಕ್ಕುತ್ತಿದ್ದೆ, ತಿಕ್ಕುತ್ತ ಗೊಣಗುತ್ತಿದ್ದೆ. "ಅತ್ತೆ, ಡಬ್ಬಿ ಇಟ್ಟಿದೀನಲ್ಲ, ಅದ್ರಲ್ಲೇ ಉಗುಳಬಾರದಾ?" ಎಂದರೆ ಅವರು, "ನಾನಲ್ಲವ್ವ" ಅನ್ನುತ್ತಿದ್ದರು. ನಾನು ನಂಬುತ್ತಿರಲಿಲ್ಲ. "ಶೈಲ ಒಂದಿನಾನೂ ನಂಗೆ ಹಿಂಗಂದಿಲ್ಲ" ಎಂದು ಅವರು ಒಳಗೆ ಹೋಗುತ್ತಿದ್ದರು. ಈಗ ಟಾರ್ಚು ಹಿಡಿದು ಕಾರಿನ ಕೆಳಗೆ ಬಗ್ಗಿ ನೋಡಿದರೆ, ರಬ್ಬರ್ ಪೈಪಿನ ತುದಿಯಲ್ಲಿ ಸಡಿಲವಾದ ಕ್ಲಿಪ್ಪಿನಿಂದ ತೊಟ್ ತೊಟ್ ಎಂದು ಅದೇ ಕಂದುಗೆಂಪು ಹನಿ ಬೀಳುತ್ತಿದೆ. ಅತ್ತೆಯೂ ಸೊಂಟ ಹಿಡಿದುಕೊಂಡು ಬಗ್ಗಿ ನೋಡಿದರು. ಎದ್ದು ನಿಂತು, ಸೆರಗು ಸರಿಮಾಡಿಕೊಂಡು, "ಉಗುಳಿದ್ದು ನಾನಲ್ಲ, ನಿನ್ ಕಾರು. ಅದಕ್ಕೊಂದು ಡಬ್ಬಿ ಇಡು" ಎಂದು ಒಳಗೆ ನಡೆದರು. ಆ ದಿನವೆಲ್ಲ ಅವರು ಬಹಳ ಖುಷಿಯಾಗಿದ್ದರು. ಬೀದಿಯ ಮೂರು ಮನೆಗೂ ಹೋಗಿ ನನ್ನ ಕಾರು ಎಲೆಅಡಿಕೆ ಹಾಕುವ ಸುದ್ದಿಯನ್ನು ಹೇಳಿಬಂದರು.

ಸಂಜೆ ನಮ್ಮನೆಯವರು ಒಂದು ಡಬ್ಬ ಹೊತ್ತುಕೊಂಡು ಬಂದರು. ಅಂಗಡಿಗೆ ಬರುವ ಕತ್ತಲಗೆರೆಯ ರೈತರೊಬ್ಬರನ್ನು ಕೇಳಿದರಂತೆ, ಅವರು ಕೊಟ್ಟರಂತೆ. "ಗೇರ್ ಬಾಕ್ಸಿಗೆ ತೊಂಬತ್ತು ನಂಬರ್ ಆಯಿಲ್ಲೇ ಹಾಕೋದು. ಟ್ರ್ಯಾಕ್ಟ್ರಿಗೆ ಅದೇ, ಟಿಲ್ಲರಿಗೆ ಅದೇ. ನಿನ್ ಕಾರೇನು ಮ್ಯಾಲಿಂದ ಇಳಿದು ಬಂದೈತಾ?" ಎಂದು ಮುಚ್ಚಳ ತೆಗೆಯತೊಡಗಿದರು. ಅದು ಗಟ್ಟಿ ಜೋನಿಬೆಲ್ಲದ ಹಾಗಿತ್ತು. ನನ್ನ ಕಾರಿಗೆ ಬೇಕಾದದ್ದು ನೀರಿನಂತೆ ಹರಿಯುವ ಕೆಂಪೆಣ್ಣೆ. ನಾನು ಡಬ್ಬದ ಮೇಲೆ ಕೂತುಬಿಟ್ಟೆ. "ಇದನ್ನ ಸುರಿದ್ರೆ ನನ್ನ ಜಗಳೂರು ಮುಗೀತು" ಎಂದೆ. ಮಾರನೆಯ ದಿನ ದಾವಣಗೆರೆಗೆ ಬಸ್ಸಿನಲ್ಲಿ ಹೋಗಿ, ಕಾರಿನ ಪುಸ್ತಕದಲ್ಲಿ ಬರೆದಿದ್ದ ಎಣ್ಣೆಯನ್ನೇ ಹುಡುಕಿ, ಹೊಸ ಕ್ಲಿಪ್ಪೂ ತಂದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು ಹಳೆಯ ನೈಟಿಯ ಮೇಲೆ ಇವರ ಶರ್ಟು ಹಾಕಿಕೊಂಡೆ. ಹಳೇ ಮನೆಯ ತೊಲೆಯ ತುಂಡುಗಳ ಮೇಲೆ ಮುಂದಿನ ಚಕ್ರ ಹತ್ತಿಸಿ, ಹಿಂದಿನ ಚಕ್ರಗಳಿಗೆ ಸೈಜುಗಲ್ಲು ಒತ್ತು ಕೊಟ್ಟು, ಗೋಣಿಚೀಲ ಹಾಸಿ ಅಂಗಾತ ಒಳಗೆ ಸರಿದೆ. ಬಟ್ಟೆ ನೆನೆಸುವ ಟಬ್ಬನ್ನು ಎದೆಯ ಪಕ್ಕಕ್ಕೆ ಎಳೆದುಕೊಂಡು ಬೋಲ್ಟು ತಿರುಗಿಸಲು ನೋಡುತ್ತೇನೆ, ಅದು ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ. ಅಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತ ಸದ್ದು. ಕಾರಿನ ಕೆಳಗೆ ಮಲಗಿದವರಿಗೆ ಲೋಕವೆಲ್ಲ ಪಾದದ ಮಟ್ಟದಲ್ಲಿ ಕಾಣುತ್ತದೆ. ಬಣ್ಣ ಹಚ್ಚಿದ ಉಗುರಿನ, ಬೆಳ್ಳಿ ಕಾಲುಂಗುರದ ಎರಡು ಅಚ್ಚುಕಟ್ಟಾದ ಪಾದಗಳು ನಡೆದು ಬಂದವು. ಮುಖ ನೋಡಬೇಕಾಗಿಯೇ ಇರಲಿಲ್ಲ. ಅತ್ತೆ ನನಗೆ ತಿಳಿಯದಂತೆ ಹೊನ್ನಾಳಿಗೆ ಫೋನು ಮಾಡಿದ್ದರು.

"ಅಕ್ಕಾ, ಏನ್ ಮಾಡ್ತಿದೀರ ಅಲ್ಲಿ?" ಎಂದಳು ಶೈಲ.

"ಬೀಗರ ಊಟ" ಎಂದೆ.

ಅವಳು ನಗಲಿಲ್ಲ. ದುಪಟ್ಟಾ ತೆಗೆದು ಕಾರಿನ ಮೇಲೆ ಹಾಕಿ, ನನ್ನ ಪಕ್ಕಕ್ಕೇ ಬರಿ ನೆಲದ ಮೇಲೆ ಜಾರಿಕೊಂಡು ಬಂದಳು. ನನಗೆ ಮೈಯೆಲ್ಲ ಉರಿಯಿತು. ಇದೊಂದನ್ನಾದರೂ ನನಗೆ ಬಿಡಬಾರದಿತ್ತೆ? ನಾಳೆ ಅತ್ತೆ, ಕಾರು ರಿಪೇರಿ ಮಾಡಿದ್ದೂ ಶೈಲ ಎಂದು ಜಗಳೂರಿನ ತುಂಬ ಡಂಗುರ ಹೊಡೆಯುತ್ತಾರೆ. ಬೇಡ ಅನ್ನಲು ಬಾಯಿ ತೆಗೆದೆ. ಆದರೆ ಸ್ಪ್ಯಾನರಿಗೆ ಎರಡು ಕೈ ಸಾಲುತ್ತಿರಲಿಲ್ಲ. ಇಬ್ಬರೂ ಸೇರಿ ಒತ್ತಿದೆವು, ಬೋಲ್ಟು ಕಿರ್ ಎಂದು ಬಿಟ್ಟಿತು, ಸೀದ ಕಷಾಯ ಟಬ್ಬಿಗೆ ಇಳಿಯಿತು, ಒಂದಿಷ್ಟು ಅವಳ ಕಿವಿಯ ಜುಮುಕಿಗೂ ಸಿಡಿಯಿತು. ನನಗೆ ಸ್ವಲ್ಪ ಸಮಾಧಾನವಾಯಿತು.

ಎಣ್ಣೆ ಪೂರ್ತಿ ಇಳಿಯುವವರೆಗೆ ಇಬ್ಬರೂ ಅಂಗಾತ ಮಲಗಿ ಕಾರಿನ ಹೊಟ್ಟೆಯನ್ನು ನೋಡುತ್ತಿದ್ದೆವು. ಅವಳು ಮೆಲ್ಲಗೆ, "ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆ ಉರೀತೈತೆ ಅಕ್ಕಾ" ಎಂದಳು.

ನನಗೆ ಸರಿಯಾಗಿ ಕೇಳಿಸಲಿಲ್ಲ ಅನ್ನಿಸಿತು. "ಯಾರಿಗೆ?" ಎಂದೆ.

"ನಂಗೇ. ಅತ್ತೆ ಹೊನ್ನಾಳಿಗೆ ಬಂದ್ರೆ ಸಾಕು, ಬರೀ ನಿಮ್ಮ ಜಪ. ನಾನು ಸಾರು ಮಾಡಿದ್ರೆ, ಇಂಗು ಜಾಸ್ತಿ, ಪುಷ್ಪನ ಸಾರು ಹಿಂಗಿರಲ್ಲ. ನಾನು ಸೀರೆ ಉಟ್ರೆ, ಪುಷ್ಪ ಉಟ್ಟಂಗೆ ಲಕ್ಷಣ ಇಲ್ಲ. ಆ ವಯಸ್ಸಿಗೆ ಕಾರು ಕಲ್ತಳು ನೋಡು, ನೀನು ಚಿಕ್ಕೋಳು ಕಲ್ತಿದ್ದೇನು ದೊಡ್ಡದು ಅಂತಾರೆ. ನಾನು ಒಂದ್ಸಲಾನೂ ಅತ್ತೆ ಬಾಯಾಗೆ ಚೆನ್ನಾಗೈತೆ ಅನ್ನಿಸ್ಕಂಡಿಲ್ಲ."

ನಾನು ಎದ್ದು ಕೂರಲು ಹೋಗಿ ಹಣೆ ಬಡಿದುಕೊಂಡೆ. ಆ ನೋವಿನಲ್ಲೂ ಮೊದಲು ಬಂದದ್ದು ಸಂತೋಷ. ಅದರ ಬೆನ್ನಿಗೇ ಬಂದದ್ದು ಇನ್ನೂ ದೊಡ್ಡ ಹೊಟ್ಟೆಕಿಚ್ಚು. ಅಂದರೆ ನನ್ನ ಹೊಗಳಿಕೆಯನ್ನೆಲ್ಲ ಇಷ್ಟು ವರ್ಷ ಇವಳು ಕೂತು ಕೇಳಿದ್ದಾಳೆ. ನನ್ನದು, ನನಗೆ ಸೇರಬೇಕಾದದ್ದು, ಒಂದಕ್ಷರವೂ ನನ್ನ ಕಿವಿಗೆ ಬಿದ್ದಿಲ್ಲ. ಅವಳದನ್ನು ನಾನು ಕೇಳಿದ್ದೇನಲ್ಲ ಎಂದು ಆಗ ನನಗೆ ಹೊಳೆಯಲೇ ಇಲ್ಲ. "ನಿಂಗೂ ಹೇಳ್ತಾರೆ ಬಿಡು, ಇಂಗಿನ ಸಾರು ಘಮ್ ಅಂತೈತಂತೆ" ಎಂದೆ. ಅವಳು ಕತ್ತು ತಿರುಗಿಸಿ ನನ್ನನ್ನೇ ನೋಡಿದಳು. "ನಿಜಾನಾ ಅಕ್ಕಾ? ಇನ್ನೇನಂತಾರೆ?" ಎಂದಳು. ನಾನು ಒಂದೊಂದೇ ಹೇಳಿದೆ, ಅವಳೂ ಒಂದೊಂದೇ ಹೇಳಿದಳು. ಒಂದು ಹೊಗಳಿಕೆಗೆ ಒಂದು ಹೊಗಳಿಕೆ, ಅಳತೆ ತಪ್ಪದಂತೆ ಬದಲಾಯಿಸಿಕೊಂಡೆವು. ಎಣ್ಣೆ ಇಳಿದು ಮುಗಿದರೂ ನಾವು ಏಳಲಿಲ್ಲ.

ಆಮೇಲೆ ಬೋಲ್ಟು ಬಿಗಿದು, ಪೈಪಿಗೆ ಹೊಸ ಕ್ಲಿಪ್ಪು ಹಾಕಿ, ಕಾರನ್ನು ಸಮನೆಲಕ್ಕೆ ಇಳಿಸಿದೆವು. ಅಡುಗೆಮನೆಯ ಆಲಿಕೆಗೆ ಒಂದು ಸಣ್ಣ ಪೈಪು ಸಿಗಿಸಿ, ಕಡ್ಡಿ ಹೋಗುವ ತೂತಿನಲ್ಲಿ ಇಟ್ಟು ಕೆಂಪೆಣ್ಣೆ ಸುರಿಯಬೇಕು. ಶೈಲ ತಾನಾಗಿ ಆಲಿಕೆ ಹಿಡಿದುಕೊಂಡಳು. ಸುರಿದದ್ದು ನಾನು. ನ್ಯಾಮತಿಯ ಆ ಹಳೆಯ ಬಾಕಿ ಸ್ವಲ್ಪ ತೀರಿದ ಹಾಗಾಯಿತು. ಅವಳ ಕೈ ಅಲುಗಿದಾಗ, "ನೆಟ್ಟಗೆ ಹಿಡಿಯೇ" ಎಂದು ಗದರಿಸಿದೆ ಕೂಡ. ಇಂಜಿನ್ ಓಡಿಸಿ, ಎಲ್ಲ ಗೇರಿಗೂ ಒಮ್ಮೊಮ್ಮೆ ಹಾಕಿ ತೆಗೆದು, ಕಡ್ಡಿ ನೋಡಿ, ಇನ್ನಷ್ಟು ಸುರಿದು, ಊರ ಹೊರಗಿನ ಅದೇ ಏರಿಗೆ ಹೋದೆವು. ಕಾರು ಕೂಗಲಿಲ್ಲ. ಮೆತ್ತಗೆ ಹತ್ತಿತು. ಇಬ್ಬರೂ ಮೇಲಿನವರೆಗೂ ಹೋಗಿ ತಿರುಗಿಸಿಕೊಂಡು ಬಂದೆವು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಎರಡು ಕಾರು ಸಿದ್ಧ. ಅಂಗಡಿಗೆ ಗೊಬ್ಬರದ ಲಾರಿ ಬರುವುದಿತ್ತು, ಹಾಗಾಗಿ ನಮ್ಮನೆಯವರು ಹೊರಡುವಂತಿರಲಿಲ್ಲ. ಅತ್ತೆ ಇಳಕಲ್ ಸೀರೆ ಉಟ್ಟು, ರವೆ ಉಂಡಿಯ ಡಬ್ಬಿ, ಎಲೆಅಡಿಕೆ ಚೀಲ ಹಿಡಿದು ಬಾಗಿಲಲ್ಲಿ ನಿಂತರು. ಆ ಗಳಿಗೆಗಾಗಿ ನಾನು ವಾರವೆಲ್ಲ ಒದ್ದಾಡಿದ್ದೆ. ಆದರೆ ಅಷ್ಟು ಹೊತ್ತಿಗೆ ನನ್ನ ತಲೆ ಬೇರೆ ಲೆಕ್ಕ ಹಾಕಿತ್ತು. ಅತ್ತೆ ನನ್ನ ಕಾರಿನಲ್ಲಿ ಕೂತರೆ ಜಗಳೂರಿನವರೆಗೂ ನಾನು ಶೈಲಳ ಗುಣಗಾನ ಕೇಳಬೇಕು. ಶೈಲಳ ಕಾರಿನಲ್ಲಿ ಕೂತರೆ ದಾರಿಯುದ್ದಕ್ಕೂ ನನ್ನ ಗುಣಗಾನ. ಕೇಳುವವಳು ಶೈಲ, ಆಮೇಲೆ ಒಂದೂ ಬಿಡದೆ ನನಗೆ ತಂದು ಒಪ್ಪಿಸುತ್ತಾಳೆ.

"ಅತ್ತೆ ನಿನ್ನ ಕಾರಲ್ಲೇ ಬರ್ಲಿ ಶೈಲಾ. ನನ್ನದು ನಿನ್ನೆ ರಿಪೇರಿ ಆಗಿರೋದು" ಎಂದೆ.

ಶೈಲಳೂ ರಾತ್ರಿಯೆಲ್ಲ ಅದೇ ಲೆಕ್ಕ ಹಾಕಿದ್ದಳು. "ಬ್ಯಾಡಕ್ಕಾ, ನಿಮ್ಮದ್ರಾಗೇ ಬರ್ಲಿ. ನಂದ್ರಾಗೆ ಕುಲುಕ್ತೈತೆ, ಅತ್ತೆಗೆ ಆಗಲ್ಲ" ಎಂದಳು.

"ನಿನ್ನದು ಗೇರಿಂದು."

"ನಿಮ್ಮದು ಮೆತ್ತಗೆ ಹೋಗ್ತೈತೆ."

ಹೀಗೆ ನಾವು ನಗುತ್ತಲೇ ಒಬ್ಬರ ಮೇಲೊಬ್ಬರು ಹೇರುತ್ತಿದ್ದೆವು. ಅತ್ತೆ ಮಾತ್ರ ನಗುತ್ತಿರಲಿಲ್ಲ. ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದರು. ಮೆಟ್ಟಿಲಿಳಿದು ಗೇಟಿನ ಕಡೆ ನಡೆಯತೊಡಗಿದರು. "ನಾನು ಬಸ್ಸಿಗೆ ಹೋಗ್ತೀನಿ ಬಿಡ್ರವ್ವ. ಬಸ್ಸಿನಾಗೆ ಯಾರೂ ಬ್ಯಾಡ ಅನ್ನಲ್ಲ" ಎಂದರು.

ಬಸ್ಸು ಹತ್ತಿದರೆ ವಾಂತಿ ಮಾಡುವ ಮುದುಕಿ, ಸೊಸೆಯರಿಬ್ಬರಿಗೂ ಬೇಡವಾದೆ ಎಂದುಕೊಂಡು ಹೊರಟಿದ್ದರು. ನಾವಿಬ್ಬರೂ ಕಚ್ಚಾಡುತ್ತಿದ್ದದ್ದು ಅವರ ಬಾಯಿಂದ ಬರುವ ಒಂದು ಒಳ್ಳೆಯ ಮಾತಿಗಾಗಿ ಎಂದು ಹೇಗೆ ಹೇಳುವುದು? ಓಡಿಹೋಗಿ ಆಚೆ ಈಚೆ ಕೈ ಹಿಡಿದೆವು. "ಒಂದೇ ಕಾರಲ್ಲಿ ಹೋಗಾಣ ಅತ್ತೆ, ಮೂರು ಜನಾನೂ" ಎಂದಳು ಶೈಲ. "ನಿಮಗೆ ಯಾವುದು ಬೇಕೋ ಅದ್ರಲ್ಲಿ ಕೂತ್ಕೊಳ್ಳಿ" ಎಂದೆ ನಾನು. ಅತ್ತೆ ಕೈ ಬಿಡಿಸಿಕೊಂಡು, ನನ್ನ ಕಾರಿನ ಮುಂದಿನ ಬಾಗಿಲು ತೆಗೆದು ಕೂತರು. ಗೇಟಿಗೆ ಹತ್ತಿರವಿದ್ದದ್ದು ನನ್ನ ಕಾರು. ಅದಕ್ಕೇ ಕೂತರೋ ಏನೋ, ನಾನು ಕೇಳಲಿಲ್ಲ.

ದಾರಿಯಲ್ಲಿ ಅತ್ತೆಗೆ ಮಾತೇ ಇರಲಿಲ್ಲ. ಹೊಗಳಬೇಕಾದವಳು ಎದುರಿಗಿಲ್ಲದಿದ್ದರೆ ತಾನೆ ಅವರಿಗೆ ಬಾಯಿ ಬರುವುದು? ಇಬ್ಬರೂ ಎದುರಿಗಿದ್ದೆವು. ಸಂತೇಬೆನ್ನೂರಿನ ಹೊಂಡ ದಾಟಿತು, ದಾವಣಗೆರೆ ದಾಟಿತು, ಅತ್ತೆ ಎಲೆಗೆ ಸುಣ್ಣ ಸವರುತ್ತ ಹೊರಗೆ ನೋಡುತ್ತಿದ್ದರು. ಜಗಳೂರಿನ ಕಡೆಯ ಬಯಲಿಗೆ ಬಂದ ಮೇಲೆ ಒಂದು ಏರು, ಮುಂದೆ ಈರುಳ್ಳಿ ತುಂಬಿದ ಲಾರಿ. ನಾನು ಉಸಿರು ಬಿಗಿಹಿಡಿದು ಕಾಲು ಒತ್ತಿದೆ. ಒಳಗೆಲ್ಲೋ ಗೇರು ಬದಲಾಯಿತು, ಕಾರು ಎಳೆದುಕೊಂಡು ಹೋಗಿ ಲಾರಿಯನ್ನು ದಾಟಿತು. ಅತ್ತೆ ಲಾರಿಯನ್ನು ತಿರುಗಿ ನೋಡಿದರು.

ಜಗಳೂರಿನ ಅಂಗಳದಲ್ಲಿ ಅತ್ತೆಯ ಅಕ್ಕ ಕುರ್ಚಿಯ ಮೇಲೆ ಕೂತು ಕಾಯುತ್ತಿದ್ದರು. ತಂಗಿಯ ಕೆನ್ನೆ ಸವರಿ, ಇಬ್ಬರೂ ಒಂದಿಷ್ಟು ಅತ್ತು, ಆಮೇಲೆ, "ಯಾರ ಕಾರಾಗೆ ಬಂದ್ಯೇ?" ಎಂದು ಕೇಳಿದರು. ನಾನು ಉಂಡಿ ಡಬ್ಬಿ ಹಿಡಿದು ಅಲ್ಲೇ ನಿಧಾನ ಮಾಡಿದೆ.

"ನಮ್ ಕಾರಾಗೆ" ಎಂದರು ಅತ್ತೆ.

ಅವಳ ಗೇರಿಲ್ಲದ ಕಾರು ಅನ್ನಲಿಲ್ಲ. ನಮ್ಮ ಕಾರು ಅಂದರು. "ಶೈಲ ಓಡಿಸಿದ್ಲಾ?" ಎಂದು ಅಕ್ಕ ಕೇಳಿದ್ದಕ್ಕೆ, "ಇಲ್ಲ, ಅವಳು ಹಿಂದೆ ಕುಂತಿದ್ಲು" ಎಂದರು. ಇದರಲ್ಲಿ ಹೊಗಳಿಕೆ ಎಲ್ಲಿದೆ ಎಂದು ನೀವು ಕೇಳಬಹುದು. ನನಗೆ ಹೋಳಿಗೆಗಿಂತ ರುಚಿಯಾದದ್ದು ಆ ಮಾತೇ. ತೊಟ್ಟಿಲ ಹಾಡು ಹಾಡುವಾಗಲೂ ಅದನ್ನೇ ಚಪ್ಪರಿಸುತ್ತಿದ್ದೆ. ಶೈಲಳ ಮುಖ ಸ್ವಲ್ಪ ಸಣ್ಣದಾದದ್ದನ್ನು ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತು, ಕನ್ನಡಿಯಲ್ಲಿ ದಿನಾ ನೋಡುವಂಥದ್ದು. ಹೊರಡುವಾಗ ಕೀ ಅವಳ ಕೈಗೆ ಕೊಟ್ಟು, "ನೀನು ಓಡಿಸು" ಎಂದೆ. ನಾನು ಹಿಂದೆ ಕೂತೆ.

ಶೈಲ ಕೂತಳು, ಹೊರಟಳು, ಅಭ್ಯಾಸಬಲದಿಂದ ಎಡಗಾಲಲ್ಲಿ ಕ್ಲಚ್ಚನ್ನು ಹುಡುಕಿ ಬ್ರೇಕನ್ನೇ ಜೋರಾಗಿ ತುಳಿದಳು. ಎಲ್ಲರೂ ಮುಂದಕ್ಕೆ ಮುಗ್ಗರಿಸಿದೆವು. ಅತ್ತೆಯ ಚೀಲದಿಂದ ಅಡಿಕೆ ಚೆಲ್ಲಾಪಿಲ್ಲಿಯಾಯಿತು. ಮತ್ತೆ ಹೊರಟಳು, ಮತ್ತೆ ತುಳಿದಳು. ನಾನು ಮೇಷ್ಟ್ರ ಗತ್ತಿನಲ್ಲಿ, "ಎಡಗಾಲು ಮಡಚಿ ಇಟ್ಕೋ" ಎಂದೆ. ಅವಳು ಬೆವರು ಒರೆಸಿಕೊಂಡು,

"ಈ ಗೇರಿಲ್ಲದ ಕಾರು ಓಡಿಸಾಕೆ ಭಾಳ ಕಷ್ಟ ಅತ್ತೆ" ಎಂದಳು.

ಅತ್ತೆ ಕಾಲಬುಡದಿಂದ ಅಡಿಕೆ ಆರಿಸಿಕೊಳ್ಳುತ್ತಿದ್ದವರು ತಲೆ ಎತ್ತಿದರು. "ಗೇರಿಲ್ಲ ಅಂತ ಯಾರಂದ್ರು ನಿಂಗೆ? ಐತೆ ಕಣೆ. ಎಲ್ಲಾ ಒಳಗೇ ಐತೆ. ತಾನೇ ಹಾಕ್ಕಂತೈತೆ, ತಾನೇ ತಕ್ಕಂತೈತೆ, ಯಾರಿಗೂ ತೋರ್ಸಲ್ಲ ಅಷ್ಟೇಯ. ಇಷ್ಟು ವರ್ಷ ಅದಕ್ಕೆ ಎಣ್ಣೆ ಐತಾ ಇಲ್ವಾ ಅಂತ ನಾವ್ಯಾರೂ ನೋಡ್ಲಿಲ್ಲ. ಅದಕ್ಕೇ ಹಂಗೆ ಕೂಗ್ತಿತ್ತು, ಪಾಪ" ಎಂದರು.

ಕಾರು ನಿಧಾನವಾಗಿ ಮುಂದೆ ಸರಿಯಿತು. ಅತ್ತೆ ಹೇಳಿದ್ದು ಕಾರಿನ ವಿಷಯವೇ ಇರಬಹುದು. ಆದರೆ ಮಾತಿಗೆ ಅರ್ಥ ಬಿಡಿಸುವುದು ನನ್ನ ಕಸುಬು, ನನಗೆ ಬೇಕಾದ ಅರ್ಥವನ್ನು ನಾನು ಬಿಡಿಸಿಕೊಂಡೆ. ಕಿಟಕಿಯ ಕಡೆ ತಿರುಗಿ, ಯಾರಿಗೂ ಕಾಣದಂತೆ ಸೆರಗಿನಿಂದ ಕಣ್ಣೊರೆಸಿಕೊಂಡೆ. ಬಯಲಿನ ಗಾಳಿ ತಣ್ಣಗೆ ಬೀಸುತ್ತಿತ್ತು, ಹೊಟ್ಟೆಯೂ ಎಷ್ಟೋ ವರ್ಷದ ಮೇಲೆ ತಣ್ಣಗಿತ್ತು. ಹಾಗೆ ಸುಮಾರು ದೂರ ಬಂದ ಮೇಲೆ ಒಂದು ವಿಷಯ ಹೊಳೆಯಿತು. ಹಿಂದಿನ ಸೀಟಿನಲ್ಲಿ ನಾನು ಕೂತೇ ಇದ್ದೆ. ಆದರೂ ಅತ್ತೆ ಅದನ್ನು ಹೇಳಿದ್ದು, ಎಂದಿನಂತೆ, ಶೈಲಳಿಗೆ.